ಬೋರ್‌ವೆಲ್ ನೀರು, ಸ್ಟ್ರಾನ್ಷಿಯಂ ಮತ್ತು ನಾನು

ಎಪ್ಪತ್ತರ ದಶಕ. ನಾನು ಶ್ರೀರಾಂಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ಬೀದಿಗೆ ಮೊದಲ ಬೋರ್‌ವೆಲ್ ಬಂದಾಗ, ಅದರ ನೀರನ್ನು ಪರೀಕ್ಷಿಸುವ ಘನವಾದ ಹೊಣೆ ನನ್ನದೇ ಎಂದು ನಾನೇ ತೀರ್ಮಾನಿಸಿದೆ. ಮೇಲಾಗಿ ಮಗಳು ಸರೋಜ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಒಂದು ಬಾಟಲಿ ತುಂಬಿಸಿ, ದುರ್ಗದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದ ಗೆಳೆಯ ರುದ್ರಪ್ಪನಿಗೆ ಕೊಟ್ಟು ಬಂದೆ.

ಮತ್ತೆ ಹೋದಾಗ ರುದ್ರಪ್ಪ ಗಂಭೀರವಾಗಿ ಹೇಳಿದ: "ನಿಮ್ಮ ನೀರಾಗೆ ಸ್ಟ್ರಾನ್ಷಿಯಂ ಅನ್ನೋ ಲೋಹ ಐತೆ ಕಣಯ್ಯ. ಅದು ಎಷ್ಟಿರಬೇಕು ಅಂತ ಸರ್ಕಾರದ ನಿಯಮದಾಗೆ ಮಿತೀನೇ ಇಲ್ಲ. ಆದ್ರೆ..."

ಆ 'ಆದ್ರೆ' ಮುಗಿಯುವಷ್ಟರಲ್ಲಿ ನಾನು ಬಸ್‌ಸ್ಟ್ಯಾಂಡಿನಲ್ಲಿದ್ದೆ! ಮಿತಿಯೇ ಇಲ್ಲದ ವಿಷ! ಸರೋಜ ಬೆಳಗ್ಗೆ ಅದೇ ನೀರು ಕುಡಿದಿದ್ದಳು.

ಬಸ್ಸಿಳಿದವನೇ, ಯಾರೂ ನೀರು ಹೊಡೆಯದಂತೆ ಬೋರ್‌ವೆಲ್ಲಿನ ಕೈಪಂಪಿಗೆ ಹಗ್ಗ ಬಿಗಿದೆ. ಹೆಂಡತಿ ಗೌರಮ್ಮ ಕೊಡ ಹಿಡಿದು ಓಡಿಬಂದಳು.

"ಅಲ್ರೀ, ಏನಾತು?"

"ಸ್ಟ್ರಾನ್ಷಿಯಂ!"

"ಅದರಿಂದ ಏನಾಗುತ್ತೆ?"

"ಗೊತ್ತಿಲ್ಲ. ಅದಕ್ಕೇ ಭಯ!"

ಪಕ್ಕದ ಮನೆಯ ತಿಮ್ಮಜ್ಜ ಕುರಿ ಸಾಕುವವನು. "ಹಂಗಾದ್ರೆ ಏನು ಕುಡಿಯಾಣ, ಮೇಷ್ಟ್ರೇ?" ಎಂದ.

"ಕೆರೆ ನೀರು! ನಮ್ಮ ಹಿರೀಕರು ಕುಡಿದಿದ್ದು!"

"ಅದ್ರಾಗೆ ನಾನು ಕುರಿ ಮೈ ತೊಳೀತೀನಲ್ರೀ."

"ಸ್ಟ್ರಾನ್ಷಿಯಂ ಇಲ್ಲವಲ್ಲ!"

ಬೀದಿಯವರು ಮುಖ ಮುಖ ನೋಡಿಕೊಂಡರು. ಧೈರ್ಯ ತುಂಬಬೇಕಲ್ಲ? ಕೆರೆ ನೀರನ್ನು ಚೊಂಬು ತುಂಬ ತಂದು, ಎಲ್ಲರೆದುರು ಗಟಗಟ ಕುಡಿದೆ.

ಮರುದಿನದಿಂದ ನನ್ನ ವಾಸ ಹಿತ್ತಲಲ್ಲಿ. ಹೊಟ್ಟೆ ಒಂದು ಕ್ಷಣ ಬಿಡುವು ಕೊಡದು!

ಭಾನುವಾರ ರುದ್ರಪ್ಪ ತನ್ನ 'ಆದ್ರೆ' ಮುಗಿಸಲು ಬಸ್ಸು ಹತ್ತಿ ಬಂದ. ಮಂಚಕ್ಕೆ ಅಂಟಿದ್ದ ನನ್ನನ್ನು ನೋಡಿ ಹಣೆ ಚಚ್ಚಿಕೊಂಡ.

"ಮಿತಿ ಇಲ್ಲ ಅಂದ್ರೆ ವಿಷ ಅಂತಲ್ಲ ಮಾರಾಯ, ಒಳ್ಳೇದು ಅಂತಾನೂ ಅಲ್ಲ. ನಿಯಮ ಇನ್ನೂ ಮಾಡಿಲ್ಲ, ಅಷ್ಟೆ. ಅಂಥದ್ದಕ್ಕೆ ಆರೋಗ್ಯದ ಅಳತೆಗೋಲು ಅಂತ ಇಟ್ಕೊಂಡು ನೋಡ್ತಾರೆ. ದಿನಾ, ಬದುಕಿರೋ ತನಕ ಕುಡುದ್ರೂ ತೊಂದ್ರೆ ಆಗದಷ್ಟು ಎಷ್ಟು ಅಂತ. ನಿಮ್ಮ ಬೋರ್‌ನಾಗೆ ಇರೋದು ಅದಕ್ಕಿಂತ ಭಾಳ ಕಮ್ಮಿ. ಆಗಾಗ ಪರೀಕ್ಷೆ ಮಾಡಿಸ್ತಾ ಇರು, ಸಾಕು."

ನಾನು ಮಂಚದ ಮೇಲೆ ದಡಕ್ಕನೆ ಎದ್ದು ಕೂತೆ. "ಅಯ್ಯೋ! ಹಂಗಾದ್ರೆ ಸರೋಜಂಗೆ ಕೆರೆ ನೀರು..."

"ಕೊಟ್ಟಿಲ್ಲ ಬಿಡ್ರಿ," ಎಂದಳು ಗೌರಮ್ಮ. "ಕುರಿ ತೊಳೆದ ನೀರು ಬಸುರಿಗೆ ಕೊಡಾಕಾಗುತ್ತಾ? ನೀವು ಹಿತ್ತಲಿಗೆ ಹೋದಾಗ ಹಗ್ಗ ಬಿಚ್ಚಿದ್ವಿ. ಬೀದಿಯೋರೆಲ್ಲ ಬೋರ್ ನೀರೇ ಕುಡೀತಾ ಅವ್ರೆ."

ಅಂದರೆ ಇಡೀ ಬೀದಿಯಲ್ಲಿ ಕೆರೆ ನೀರು ಕುಡಿದ ವಿವೇಕಿ ನಾನೊಬ್ಬನೇ! ಇಷ್ಟು ವರ್ಷ ವಿಜ್ಞಾನ ಕಲಿಸಿದ್ದೇನೆ. ಫಲಿತಾಂಶವನ್ನು ಊರೆಲ್ಲ ಒಂದೇ ಮಾತಿನಲ್ಲಿ ಒಪ್ಪಿದ ನನ್ನ ಪ್ರಯೋಗವೆಂದರೆ ಆ ಒಂದು ಚೊಂಬು ಕೆರೆ ನೀರಿನದು ಮಾತ್ರ.