ಡಿಕ್ಕಿಯೊಳಗಿನ ಟ್ಯಾಂಕು

ಭಾನುವಾರ ಬೆಳಿಗ್ಗೆ ಕೀಲಿ ತಿರುಗಿಸಿದರೆ ಪೆಟ್ರೋಲಿನ ಮುಳ್ಳು ಏಳಲೇ ಇಲ್ಲ. ರಾಕೆಟ್ ಮತ್ತೊಮ್ಮೆ ತಿರುಗಿಸಿ ನೋಡಿದ. ರಾಕೆಟ್ ಎಂದರೆ ಲೈಬ್ರರಿಯ ಗುಮಾಸ್ತ. ವಾರವಿಡೀ ಆ ಕಾರಿನಲ್ಲಿ ಕೆಲಸಕ್ಕೆ ಹೋಗಿ, ಹೆಂಡತಿಯ ತರಕಾರಿ ಹೊತ್ತು ತಂದು, ರಜೆ ಬಂದರೆ ಅದನ್ನೇ ಊರಾಚೆಯ ಪಾಳು ರನ್‌ವೇಯಲ್ಲಿ ರೇಸಿಗೆ ಬಿಡುವ ಆಸಾಮಿ. ಈವರೆಗೆ ಒಂದೂ ಗೆದ್ದಿರಲಿಲ್ಲ. ಹೆಸರಿಟ್ಟವರು ನೆರೆಹೊರೆಯವರು, ಗೇಲಿಗೆ.

ಈ ಸಲ ಗೆಲ್ಲಲೇಬೇಕೆಂದು ನೈಟ್ರಸ್ ಸಿಲಿಂಡರು ಕೂರಿಸಿದ್ದ. ಗುಂಡಿ ಒತ್ತಿದರೆ ಆ ಗ್ಯಾಸು ಎಂಜಿನ್ನಿಗೆ ನುಗ್ಗಿ ಕಾರು ಹಾರುತ್ತದೆ. ಅದೇ ಕ್ಷಣ ಪೆಟ್ರೋಲೂ ಹೆಚ್ಚು ನುಗ್ಗಬೇಕು, ಇಲ್ಲದಿದ್ದರೆ ಎಂಜಿನ್ ಸುಟ್ಟು ಕರಕಲು. ಅದಕ್ಕಾಗಿ ದೊಡ್ಡ ಪಂಪು, ದಪ್ಪ ಪೈಪು, ಡಿಕ್ಕಿಯಲ್ಲಿ ರೇಸಿನ ಪೆಟ್ರೋಲಿಗೆಂದೇ ಇನ್ನೊಂದು ಟ್ಯಾಂಕು, ಎಲ್ಲವನ್ನೂ ಪುಸ್ತಕ ನೋಡಿ ತಾನೇ ಯೋಜಿಸಿ, ಶನಿವಾರ ತಾನೇ ಜೋಡಿಸಿದ್ದ. ಸಂಜೆ ಹಳೆಯ ಟ್ಯಾಂಕಿಗೆ ಪೆಟ್ರೋಲು ಹಾಕಿಸಿಕೊಂಡು ಮನೆಗೆ ಬಂದಿದ್ದ. ಈಗ ನೋಡಿದರೆ ಅದು ಖಾಲಿ.

ಕೆಳಮನೆಯ ವಾಚು ರಿಪೇರಿಯವರು ಪಕ್ಕದಲ್ಲೇ ಸ್ಕೂಟರು ಒರೆಸುತ್ತಿದ್ದರು. ಅವರ ಅಂಗಿಯಿಂದ ಪೆಟ್ರೋಲಿನ ವಾಸನೆ ಹೊಡೆಯುತ್ತಿತ್ತು.

"ರೀ, ನನ್ನ ಗಾಡಿಯಿಂದ ಪೆಟ್ರೋಲ್ ಎಳ್ಕೊಂಡ್ರಾ?"

"ನಾನಾ? ವಾಚಿನ ಚಕ್ರ ತೊಳೆಯೋದೇ ಪೆಟ್ರೋಲಲ್ಲಿ ಸಾರ್. ಯಾವಾಗ್ಲೂ ಇದೇ ವಾಸನೆ."

"ಕಥೆ ಹೇಳ್ಬೇಡಿ! ಕಳ್ಳತನಕ್ಕೂ ಒಂದು ಮಿತಿ ಬೇಡ್ವಾ?"

ಗಲಾಟೆ ಕೇಳಿ ಮೇಲ್ಮನೆಯ ನಿವೃತ್ತ ಹೆಡ್‌ಮೇಡಂ ಮೆಟ್ಟಿಲಿಳಿದು ಬಂದರು. "ನಂಗೂ ಅನುಮಾನ ಇತ್ತು. ಇಷ್ಟು ಮೆತ್ತಗೆ ಮಾತಾಡೋರನ್ನ ನಂಬೋದೇ ಕಷ್ಟ."

ಎದುರುಮನೆಯ ಕಂಟ್ರಾಕ್ಟರು ಹಲ್ಲುಜ್ಜುತ್ತಲೇ, "ಪೊಲೀಸಿಗೆ ಹೇಳೋಣ್ವಾ?" ಎಂದರು. ವಾಚಿನವರು ತಲೆ ತಗ್ಗಿಸಿ ಸ್ಕೂಟರನ್ನು ತಳ್ಳಿಕೊಂಡು ಹೊರಟುಹೋದರು.

ರಾಕೆಟ್ ವೀರಾವೇಶದಿಂದ ಗ್ಯಾರೇಜಿನ ಭಾವಮೈದನಿಗೆ ಫೋನು ಮಾಡಿ ಕಳ್ಳತನದ ಕಥೆ ಊದಿದ. ಆತ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ.

"ಭಾವ, ಎಂಜಿನ್‌ಗೆ ಬೇಡದೆ ಉಳಿದ ಪೆಟ್ರೋಲು ವಾಪಸ್ ಬರೋ ಪೈಪನ್ನ ಯಾವ ಟ್ಯಾಂಕಿಗೆ ಹಾಕಿದ್ದೀರಿ?"

ರಾಕೆಟ್ ಡಿಕ್ಕಿ ತೆರೆದ. ಇನ್ನೂ ಏನೂ ಹಾಕಿಸಿರದ ಹೊಸ ಟ್ಯಾಂಕು ಕಂಠದವರೆಗೆ ತುಂಬಿತ್ತು. ನಿನ್ನೆ ಸಂಜೆ ದಾರಿಯುದ್ದಕ್ಕೂ ದೊಡ್ಡ ಪಂಪು ಹಳೆಯದರಿಂದ ಎತ್ತಿ ಹೊಸದಕ್ಕೆ ಸುರಿದಿತ್ತು. ತನ್ನ ಪೆಟ್ರೋಲನ್ನು ತಾನೇ ಕದ್ದಿದ್ದ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಈಗ್ಲೇ ಹೋಗಿ, ಎಲ್ರೆದುರಿಗೂ ತಪ್ಪಾಯ್ತು ಅನ್ನಿ," ಎಂದಳು ಹೆಂಡತಿ.

ಹೋದ. ವಾಚಿನವರ ಬಾಗಿಲಿಗೆ ಬೀಗ. ಸದ್ಯ, ಬದುಕಿದೆ ಎನ್ನಿಸಿತು. ಹಾಗೆನ್ನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಮಧ್ಯಾಹ್ನದ ಹೊತ್ತಿಗೆ ಭಾವಮೈದ ಪೈಪು ಸರಿಮಾಡಿಕೊಟ್ಟ. ಬೆಳಗಿನ ತಮಾಷೆ ಇಷ್ಟಕ್ಕೇ ಮುಗಿಯಬಾರದೆಂದು ನೆರೆಯವರೆಲ್ಲ ರನ್‌ವೇಗೆ ಬಂದಿದ್ದರು. ಅಲ್ಲಿ ಗೆಲುವಿನ ಗೆರೆಯ ಪಕ್ಕದ ಮೇಜಿನ ಬಳಿ, ಕೈಯಲ್ಲಿ ಸ್ಟಾಪ್‌ವಾಚು ಹಿಡಿದು ಕುಳಿತಿದ್ದವರು ಯಾರು? ವಾಚಿನವರೇ! ರೇಸು ನಡೆಸುವ ಸಂಘದ ಗಡಿಯಾರ ಕೆಟ್ಟಿದ್ದರಿಂದ ಸಮಯ ಹಿಡಿಯಲು ಅವರನ್ನು ಕರೆಸಿದ್ದರಂತೆ. ರಾಕೆಟ್ ಹತ್ತಿರ ಹೋಗಿ ಬಾಯಿ ತೆರೆದ. ಹಿಂದೆಯೇ ಹೆಡ್‌ಮೇಡಂ ನಿಂತಿದ್ದರು. "ಬಿಸಿಲು ಜಾಸ್ತಿ ಅಲ್ವಾ?" ಎಂದು ಹೇಳಿ ವಾಪಸು ಬಂದ.

ಅಷ್ಟರಲ್ಲಿ ಮೈಕು ಕೂಗಿತು: "ಪ್ರತಿ ವರ್ಗದಲ್ಲಿ ಗೆದ್ದವರು ವಾಡಿಕೆಯಂತೆ ಡಿಕ್ಕಿ ತೆರೆದು, ತಮ್ಮ ಗಾಡಿಗೆ ಪೆಟ್ರೋಲು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಎಲ್ಲರಿಗೂ ವಿವರಿಸಬೇಕು!"

ಈ ಭಾಷಣವನ್ನು ರಾಕೆಟ್ ಬಚ್ಚಲುಮನೆಯಲ್ಲಿ ಎಷ್ಟೋ ಸಲ ಅಭ್ಯಾಸ ಮಾಡಿದ್ದ. ಈಗ ಅದನ್ನು ಹೇಳಿದರೆ ಬೆಳಗಿನ ಕಳ್ಳತನದ ಗುಟ್ಟು ಬಯಲಾಗುತ್ತಿತ್ತು. ಸೋಲುವುದೊಂದೇ ದಾರಿ. ಸೋಲುವುದರಲ್ಲಿ ಅವನ ಕೈ ಪಳಗಿತ್ತು ಬೇರೆ.

ಅವನ ವರ್ಗದಲ್ಲಿ ಇದ್ದದ್ದು ಎರಡೇ ಗಾಡಿ. ಬಾವುಟ ಬಿತ್ತು. ರಾಕೆಟ್ ನೈಟ್ರಸ್ ಗುಂಡಿ ಮುಟ್ಟಲಿಲ್ಲ. ಎತ್ತಿನಗಾಡಿಯಂತೆ ತೆವಳಿದ. ಪಕ್ಕದ ಕಾರು ಒಮ್ಮೆ ಘರ್ಜಿಸಿ, ಕೆಮ್ಮಿ, ಹೊಗೆ ಕಾರುತ್ತ ಅಲ್ಲೇ ನಿಂತಿತು. "ಹೊರಡೋ ಮಾರಾಯಾ!" ಎಂದು ರಾಕೆಟ್ ಕನ್ನಡಿ ನೋಡಿ ಅಂಗಲಾಚಿದ. ಅದು ಅಲ್ಲಾಡಲಿಲ್ಲ. ಬೇರೆ ಗತಿಯಿಲ್ಲದೆ ಗೆರೆ ದಾಟಿದ.

ಜನ ಕೇಕೆ ಹಾಕಿದರು. ಯಾರೋ ಡಿಕ್ಕಿ ತೆರೆದೇಬಿಟ್ಟರು. ಹೆಡ್‌ಮೇಡಂ ಕನ್ನಡಕ ಏರಿಸಿ ಬಗ್ಗಿ ನೋಡಿ, "ಪೆಟ್ರೋಲು ಕಳುವಾಗಿತ್ತಲ್ಲಪ್ಪಾ, ಇದೇನಿದು ಇನ್ನೊಂದು ಟ್ಯಾಂಕು?" ಎಂದರು. ಮೈಕು ಕೈಗೆ ಬಂತು. ರಾಕೆಟ್ ಹೇಳಿದ. ಪೈಪು, ಪಂಪು, ಎರಡು ಟ್ಯಾಂಕು, ಬೆಳಗಿನ ಬೈಗುಳ, ಒಂದನ್ನೂ ಬಿಡಲಿಲ್ಲ. ಇಡೀ ಮೈದಾನ ಹೊಟ್ಟೆ ಹಿಡಿದು ನಕ್ಕಿತು. ವಾಚಿನವರೊಬ್ಬರು ಮಾತ್ರ ನಗಲಿಲ್ಲ. ಎದ್ದು ಬಂದು ಸ್ಟಾಪ್‌ವಾಚನ್ನು ಅವನ ಮುಖದೆದುರು ಹಿಡಿದರು.

"ನೋಡ್ಕೊಳ್ಳಿ ಸಾರ್," ಎಂದರು ಎಂದಿನ ಮೆತ್ತಗಿನ ದನಿಯಲ್ಲಿ, "ನಿಮ್ಮ ಟೈಮಲ್ಲಿ ನಾನು ಒಂದು ಚೂರೂ ಕದ್ದಿಲ್ಲ."