ತಂಗಿಯ ವೀರನನ್ನು ಕೊಂದವನು

ಕಡಿಮೆ ಓದಿದವನಿಂದ ಪುಸ್ತಕಕ್ಕೆ ಅಪಾಯವಿಲ್ಲ ಎಂದು ಬಹಳ ವರ್ಷ ನಂಬಿದ್ದೆ. ಏಳನೆಯ ತರಗತಿಗೆ ಶಾಲೆ ಬಿಟ್ಟ ನನಗೆ ದಾಂಡೇಲಿಯ ರದ್ದಿ ಗೋದಾಮಿನಲ್ಲಿ ಮೂಟೆ ಬಿಚ್ಚುವ ಕೆಲಸ. ಅಲ್ಲಿ ಸಿಕ್ಕ ಎರಡು ಸರಣಿ ಇಂಗ್ಲಿಷ್ ಪುಸ್ತಕಗಳನ್ನು, ಮಾಲಕರನ್ನು ಕೇಳಿ, ತಂಗಿ ಸುಮಿತ್ರಾಳಿಗೆ ತಂದುಕೊಟ್ಟೆ. ಓದುತ್ತ ಆಡುವ ಪುಸ್ತಕಗಳು, ಓದುವವರೇ ವೀರ. ವೀರನ ಬಲವನ್ನು ಒಂದು ಚೀಟಿಯಲ್ಲಿ ಅಂಕೆಯಾಗಿ ಬರೆದಿಡಬೇಕು, ಪೆಟ್ಟು ಬಿದ್ದಷ್ಟು ಕಳೆಯಬೇಕು, ಸೊನ್ನೆಯಾದರೆ ಸಾವು. ರಾಕ್ಷಸ ಎದುರಾದರೆ ದಾಳ ಉರುಳಿಸಬೇಕು. ಗೆದ್ದರೆ ಒಂದು ಪುಟಕ್ಕೆ ಹೋಗಬೇಕು, ಓಡಿದರೆ ಇನ್ನೊಂದಕ್ಕೆ. ಹೊಲಿಗೆ ಮುಗಿಸಿ ಅವಳು ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದಳು, ದಾಳ ನನ್ನದು. ಸತ್ತರೆ ಮರಳಿ ಬರಲೆಂದು ನಾನು ಹಿಂದಿನ ಪುಟದಲ್ಲಿ ಬೆರಳಿಟ್ಟುಕೊಂಡರೆ, "ಬೆರಳ ತಗೀ ಅಣ್ಣಾ! ಸಾಯೂದಿದ್ರ ಸಾಯ್ಲಿ, ಮೋಸ ಬ್ಯಾಡ" ಎಂದು ಗದರುತ್ತಿದ್ದಳು.

ಮೊದಲ ಸರಣಿಯ ವೀರ ನನ್ನಂಥವನು. ಪ್ರತಿ ಪುಸ್ತಕದಲ್ಲೂ ಹೊಸದಾಗಿ ಹುಟ್ಟುತ್ತಾನೆ. ಹಿಂದಿನದರಲ್ಲಿ ದೈತ್ಯನನ್ನು ಕೊಂದಿದ್ದರೂ ಇಲ್ಲಿ ಇಲಿಗೆ ಹೆದರುತ್ತಾನೆ. ಎರಡನೆಯವನು ಬೆಳೆಯುತ್ತಾನೆ. ಒಂದು ಪುಸ್ತಕ ಗೆದ್ದರೆ ಕತ್ತಲಲ್ಲಿ ಕಾಣುವ ವಿದ್ಯೆ, ಇನ್ನೊಂದು ಗೆದ್ದರೆ ವಿಷ ಇಳಿಸುವ ವಿದ್ಯೆ. ಸತ್ತರೆ ಮಾತ್ರ ಮತ್ತೆ ಮೊದಲ ಪುಸ್ತಕದಿಂದ. "ಇವಂಗ ಒಂದ್ ಬಾಳೇವು ಐತಿ. ನಿನ್ನಾಂವ ಬರೇ ದಿನಗೂಲಿ" ಎನ್ನುತ್ತಿದ್ದಳು.

ಅವಳು ತೇರಗಾಂವದ ಚಿಕ್ಕಮ್ಮನ ಮನೆಗೆ ಹೋದ ದಿನ, ಐದು ಪುಸ್ತಕ ದಾಟಿದ್ದ ಅವಳ ವೀರನನ್ನು ನಾನೊಬ್ಬನೇ ಆರನೆಯದಕ್ಕೆ ಇಳಿಸಿದೆ. ಇಂಗ್ಲಿಷ್ ಬಾರದು, ಅಂಕೆ ಬರುತ್ತದೆ. ಸಾಲಿನ ಕೊನೆಯ ಅಂಕೆ ಹಿಡಿದು ಪುಟ ತಿರುವುತ್ತ, ಯಾರೊಡನೆ ಎಂದು ತಿಳಿಯದೆಯೇ ಹೊಡೆದಾಡಿದೆ. ಅವಳ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದ ಇಪ್ಪತ್ತಾರರ ಬಲ ಕಳೆಯುತ್ತ ಕಳೆಯುತ್ತ ಸೊನ್ನೆಗೆ ಬಂತು. ಸತ್ತ. ಯಾರ ಕೈಯಲ್ಲಿ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಸೊನ್ನೆಯನ್ನು ರಬ್ಬರಿನಿಂದ ಉಜ್ಜಿ ಮತ್ತೆ ಇಪ್ಪತ್ತಾರು ಬರೆದಿಟ್ಟೆ.

ಊರಿಂದ ಬಂದವಳು ಆ ಹೆಣವನ್ನೇ ಜೀವಂತ ವೀರನೆಂದು ನಂಬಿ ಮುಂದೆ ನಡೆಸಿದಳು. ಹೇಳಿಬಿಡೋಣ ಎಂದು ಬಾಯಿ ತೆರೆದಾಗಲೆಲ್ಲ ಅವನು ಇನ್ನೊಂದು ವಿದ್ಯೆ ಕಲಿತಿರುತ್ತಿದ್ದ. ಅವನು ಬೆಳೆದಷ್ಟೂ ನನ್ನ ಊಟ ಕಡಿಮೆಯಾಯಿತು.

ಕಳೆದ ರವಿವಾರ ಕೊನೆಯ ಪುಸ್ತಕ ಮುಗಿಯಿತು. ಚೀಟಿ ಹಿಡಿದು ಓಡಿ ಬಂದಳು.

"ಹನ್ನೆರಡು ಪುಸ್ತಕ! ಒಮ್ಮೆನೂ ಸಾಯಲಿಲ್ಲ, ಒಮ್ಮೆನೂ ಮೋಸ ಮಾಡಲಿಲ್ಲ. ನನ್ನ ಸಲುವಾಗಿ ಅಂತ ನಾ ಪೂರಾ ಮಾಡಿದ್ದು ಇದೊಂದ, ಅಣ್ಣಾ. ಕಣ್ಣಾರೆ ಕಂಡಾಂವ ನೀನ. ಸಾಕ್ಷಿ ಅಂತ ಸಹಿ ಮಾಡು."

"ಸುಮಿ, ಒಂದ್ ಮಾತು…"

"ಯಾಕ, ಸಹಿ ಬರ್ತೈತೋ ಇಲ್ಲೋ? ಹೆಬ್ಬೆಟ್ಟ ಒತ್ತತಿ ಏನ?" ಎಂದು ನಕ್ಕಳು.

ಕೊಲೆಗಾರನೆನ್ನಿಸಿಕೊಳ್ಳಲು ನಾನು ಹೇಗೋ ಸಿದ್ಧನಾಗಿದ್ದೆ. ಸಹಿ ಬಾರದವನೆನ್ನಿಸಿಕೊಳ್ಳಲು ಮಾತ್ರ ಆಗಲಿಲ್ಲ. ಪೂರ್ತಿ ಹೆಸರು ಬರೆದು, ಕೆಳಗೆ ಎರಡು ಗೆರೆಯನ್ನೂ ಎಳೆದೆ.