ರೇಡಿಯೇಟರ್ ರಿಪೇರಿಯೂ ಮಾವನ ಮುನಿಸೂ

ಕೆಟ್ಟದ್ದನ್ನು ಸರಿಮಾಡಿಸಿದವನಿಗೆ ಮನೆಯಲ್ಲಿ ಶಹಬ್ಬಾಸ್‌ಗಿರಿ ಸಿಗುತ್ತದೆ ಎಂದು ನಂಬಿ ಬದುಕಿದವನು ನಾನು. ಬಚ್ಚಲ ನಲ್ಲಿ, ಗೋಡೆ ಗಡಿಯಾರ, ಹೆಂಡತಿಯ ಸಿಟ್ಟು, ಯಾವುದನ್ನೂ ನಾನು ವೇಳೆಗೆ ಸರಿಯಾಗಿ ರಿಪೇರಿ ಮಾಡಿಸಿದವನಲ್ಲ ಎಂಬುದು ಬೇರೆ ಮಾತು. ಜೀವಮಾನದಲ್ಲಿ ಒಂದೇ ಒಂದು ರಿಪೇರಿಯನ್ನು ಮುತುವರ್ಜಿಯಿಂದ ಮಾಡಿಸಿದೆ. ಅದರಿಂದ ಸಂಸಾರವೇ ಮುರಿಯುವ ಹಂತಕ್ಕೆ ಬಂತು.

ಅಸಂಗಿಯಲ್ಲಿ ನನ್ನದೊಂದು ಕಿರಾಣಿ ಅಂಗಡಿ. ವಾರಕ್ಕೆರಡು ಸಲ ಜತ್ತಿನಿಂದ ಸಾಮಾನು ತರುವುದು ಅಪ್ಪನ ಕಾಲದ ಪಿಕಪ್ ಗಾಡಿಯಲ್ಲಿ. ಒಮ್ಮೆ ಪುಣೆಯ ಕಡೆಯವರೊಬ್ಬರು ಅದನ್ನು ಕಂಡು, ವಿಂಟೇಜ್ ವಿಂಟೇಜ್ ಎಂದು ಕುಣಿದಾಡಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ನನಗೆ ಮಾತ್ರ ಸ್ವಲ್ಪ ಆಚೆ ಸರಿಯಲು ಹೇಳಿದರು. ಇಂಜಿನ್ನಿನ ಬಿಸಿ ತಣಿಸುವ ಅದರ ರೇಡಿಯೇಟರ್ ಹನ್ನೆರಡು ವರ್ಷದಿಂದ ಸೋರುತ್ತಿತ್ತು. ಮನೆಯಲ್ಲಿ ನೀರು ತುಂಬಿಸಿಕೊಂಡು ಹೊರಟರೆ ಸರಿಯಾಗಿ ಜತ್ತಿನ ದಾರಿಯ ದರಿಬಡಚಿಯಲ್ಲಿ, ಅದೂ ನನ್ನ ಮಾವನ ಮನೆಯ ಮುಂದೆ, ಬುಸ್ಸೆಂದು ಹಬೆ ಬಿಡುತ್ತಿತ್ತು. ಗಾಡಿಯ ಸದ್ದು ಕೇಳಿ ಮಾವ ಮೊದಲೇ ತಂಬಿಗೆ ಹಿಡಿದು ನಿಂತಿರುತ್ತಿದ್ದರು. ಗಾಡಿಗೆ ನಾಲ್ಕು ತಂಬಿಗೆ ನೀರು, ನನಗೆ "ಆರಾಮ ಅದೀರೇನ್ರಿ ಅಳಿಯಾರ?" ಎಂಬ ಒಂದು ಮಾತು. ಕೆಲಸದ ಗಡಿಬಿಡಿಯಲ್ಲಿ ನಾನು ಕೂರುತ್ತಲೂ ಇರಲಿಲ್ಲ.

ಹೋದ ತಿಂಗಳು ಜತ್ತಿನ ಮೀರಾಸಾಬನಿಗೆ ಗಾಡಿ ಒಪ್ಪಿಸಿದೆ. ರೇಡಿಯೇಟರ್ ಕೆಲಸದಲ್ಲಿ ಅವನದು ಪಳಗಿದ ಕೈ. ಹಳೆಯ ಜಾಳಿಯನ್ನು ಬಿಸಿಲಿಗೆ ಹಿಡಿದು, "ಇದು ರೇಡಿಯೇಟರ್ ಅಲ್ರಿ ಸಾವಕಾರ್ರ, ಹಿಟ್ಟಿನ ಜರಡಿ" ಎಂದ. ಹೊಸ ತಾಮ್ರದ ಜಾಳಿ ಕೂಡಿಸಿ, ಬೆಸೆದು, ತೊಟ್ಟಿಯ ನೀರಲ್ಲಿ ಮುಳುಗಿಸಿ, ಒಂದೂ ಗುಳ್ಳೆ ಏಳದ್ದನ್ನು ಹೆಮ್ಮೆಯಿಂದ ತೋರಿಸಿದ. ಮುಂದಿನ ಸಲ ದರಿಬಡಚಿಯಲ್ಲಿ ಮಾವ ಎಂದಿನಂತೆ ತಂಬಿಗೆ ಹಿಡಿದು ನಿಂತಿದ್ದರು. ಬೇಡವೆಂದು ಕೈಯಾಡಿಸಿ, ನಕ್ಕು, ಮುಂದೆ ಹೋದೆ. ನಮ್ಮ ಕಡೆ ಒಂದು ಮನೆಯ ನೀರು ಒಲ್ಲೆ ಎಂದರೆ ಆ ಮನೆಯ ಸಂಬಂಧವೇ ಒಲ್ಲೆ ಎಂದ ಹಾಗೆ. ಅದು ಮನುಷ್ಯರಿಗೆ ಮಾತ್ರ, ಗಾಡಿಗಲ್ಲ ಎಂದು ನಾನು ತಿಳಿದಿದ್ದೆ.

ಮನೆ ಮುಟ್ಟುವಷ್ಟರಲ್ಲಿ ಫೋನು ಬಂದಾಗಿತ್ತು. "ನಮ್ಮ ತವರಮನಿ ನೀರ ಬ್ಯಾಡಾತೇನ್ರಿ ನಿಮಗ?" ಎಂದಳು ಹೆಂಡತಿ ಮಹಾದೇವಿ. ಅಂದು ಚಹಾ ಬರಲಿಲ್ಲ. ಮೂರನೆಯ ದಿನ ದರಿಬಡಚಿಯ ಮೂವರು ಹಿರಿಯರು ರಾಜಿ ಮಾಡಿಸಲು ಬಂದು, ಅಂಗಡಿಯ ಚೀಲಗಳ ಮೇಲೆ ಕುಳಿತರು. "ತಪ್ಪೇನಾರ ಆಗಿದ್ರ ಹೇಳಿಬಿಡ್ರಿ, ಹೊಟ್ಟ್ಯಾಗ ಇಟ್ಕೋಬ್ಯಾಡ್ರಿ" ಎಂದರು. ನಾನು ರೇಡಿಯೇಟರಿನ ಕಥೆ ಹೇಳಿದೆ. ನೆವ ಹೇಳುತ್ತಿದ್ದೇನೆ ಎಂದುಕೊಂಡರು. ಸಾಕ್ಷಿಗೆಂದು ಬಾನೆಟ್ ಎತ್ತಿ, ಮುಚ್ಚಳ ತೆಗೆದು ತೋರಿಸಿದೆ. ಮೂವರೂ ಬಗ್ಗಿ ನೋಡಿದರು. ಕಂಠಮಟ್ಟ ನೀರು. ಮುಖಗಳು ಇನ್ನಷ್ಟು ಗಂಭೀರವಾದವು.

"ಅಂದ್ರ ಗಾಡಿ ನೀರ ಕುಡದೈತಿ. ಯಾರ ಮನೀದು?"

ಬಾಗಿಲ ಹಿಂದಿನಿಂದ ಮಹಾದೇವಿಯ ಧ್ವನಿ ಬಂತು: "ಸೋನ್ಯಾಳದಾಗ ಯಾರರೆ ಅದಾರೇನ್ರಿ?"

ಸೋನ್ಯಾಳ ಅದೇ ಕಡೆಯ ಇನ್ನೊಂದು ಊರು; ಅಲ್ಲಿ ನನ್ನನ್ನು ಗುರುತಿಸುವ ನಾಯಿಯೂ ಇಲ್ಲ. ಆದರೆ ಅನಿರೀಕ್ಷಿತವಾಗಿ ಬಂದ ಪ್ರಶ್ನೆಗೆ ತಡವರಿಸಿದೆ. ಈ ಐವತ್ತೆಂಟರ ವಯಸ್ಸಿನಲ್ಲಿ, ಈ ಮುಖ ಇಟ್ಟುಕೊಂಡು, ಅಂಥ ಅನುಮಾನಕ್ಕೆ ಪಾತ್ರನಾದೆನಲ್ಲ ಎಂದು ಒಂದು ಕ್ಷಣ ಖುಷಿಯೂ ಆಯಿತೆನ್ನಿ. ಒಳಗೆ ಹೋಗಿ ನೋಡಿದರೆ ಮಹಾದೇವಿ ತವರಿಗೆ ಹೋಗುವ ಚೀಲಕ್ಕೆ ಸೀರೆ ತುಂಬುತ್ತಿದ್ದಳು. ಆಗ ನಿಜವಾಗಿಯೂ ಹೆದರಿದೆ. ಅವಳಿಲ್ಲದ ಮನೆಯಲ್ಲಿ ನನಗೆ ನನ್ನ ಕನ್ನಡಕವೂ ಸಿಗುವುದಿಲ್ಲ.

ಮರುದಿನವೇ ಮೀರಾಸಾಬನ ಮುಂದೆ ಕೈ ಜೋಡಿಸಿ ನಿಂತೆ. "ಸೂಜಿ ಮೊನಿಯಷ್ಟ ಒಂದ ತೂತ ಮಾಡಿಕೊಡಪಾ."

ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನನ್ನೇ ನೋಡಿದ. "ನಾ ತೂತ ಮುಚ್ಚಾಂವ್ರಿ, ಮಾಡಾಂವ ಅಲ್ಲ. ಕೆಲಸ ಕಲಿಸಿದ ನಮ್ಮಪ್ಪ ಗೋರ್ಯಾಗಿಂದ ಎದ್ದ ಬಂದಾರು!"

ಬೇರೆ ದಾರಿ ಕಾಣದೆ, ವಾಪಸ್ ಬರುವಾಗ ದರಿಬಡಚಿಯಲ್ಲಿ ಗಾಡಿ ನಿಲ್ಲಿಸಿದೆ. ಮಾವ ಒಳಗೆ ಹೋದರು. ತಂಬಿಗೆ ತಂದರು, ಇಂಜಿನ್ ಆರುವವರೆಗೆ ಕಾದರು, ಮುಚ್ಚಳ ತಾವೇ ತಿರುವಿದರು. ಹನಿ ನೀರಿಗೂ ಜಾಗವಿರಲಿಲ್ಲ. ಆ ಮುದುಕರ ಮುಖ ಬಾಡಿತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ತಂಬಿಗೆ ಕಸಿದುಕೊಂಡು ಗಟಗಟ ಕುಡಿದುಬಿಟ್ಟೆ. ಮಾವ ಓಡಿಹೋಗಿ ಎರಡನೆಯದು ತಂದರು, ಮೂರನೆಯದೂ ತಂದರು. ಆಮೇಲೆ ಫೋನಿನಲ್ಲಿ ಓಣಿಗೆಲ್ಲ ಕೇಳುವಂತೆ ಕೂಗಿದರು: "ಮಾದೇವೀ, ಅಳಿಯಾರು ಕುಡದ್ರವ್ವಾ!"

ಮನೆಗೆ ಬಂದಾಗ ಚೀಲ ಖಾಲಿಯಾಗಿತ್ತು, ಚಹಾ ಬಿಸಿಯಾಗಿತ್ತು. "ಎಷ್ಟ ಕುಡದ್ರಿ?" ಎಂದಳು. ಮೂರು ತಂಬಿಗೆ ಎಂದೆ, ಅಭಿಮಾನದಿಂದ.

"ಗಾಡಿ ನಾಕ ಕುಡೀತಿತ್ತು" ಎಂದಳು.

ಅಂದಿನಿಂದ ನಾಲ್ಕು ಕುಡಿಯುತ್ತಿದ್ದೇನೆ. ಮೊನ್ನೆ ನೋಡಿದರೆ ಮಾವ ತಂಬಿಗೆಯ ಜೊತೆಗೆ ತುಂಬಿದ ಕೊಡವನ್ನೇ ಹೊರಗೆ ತಂದಿಟ್ಟಿದ್ದರು. "ಮೊದಲ ನಾಕ ಗಾಡಿಗ್ರಿ, ಆಮ್ಯಾಲಿನ ನಾಕ ನಿಮಗ. ಗಾಡಿ ಒಲ್ಲೆ ಅಂದ್ರ ಅವೂ ನಿಮ್ಮವ."

ಗಾಡಿ ಒಲ್ಲೆ ಎಂದಿತು. ಹೊಸ ರೇಡಿಯೇಟರ್ ಬಂದಮೇಲೆ ಅದಕ್ಕೆ ಅಷ್ಟು ಧೈರ್ಯ ಬಂದಿದೆ. ನಾನು ಹಳೆಯ ಅಳಿಯ; ಬಾಯಿ ತೆರೆದೆ.